ಮರಿ ಹುಟ್ಟದ ಇಳಿಜಾರು

ಕಿತ್ತು ಬಿಸಾಕಿದರೂ ಸಾಯದ ಗಿಡ ಅದು. ಕಾವಲುಗಾರನಿಗೆ ಅದೇ ದೊಡ್ಡ ತಲೆನೋವಾಗಿತ್ತು.

ಮೊದಲ ವರ್ಷ ಕಿತ್ತ ಮರಿಗಳನ್ನು ಅವನು ಬೇಲಿಯಾಚೆ ಎಸೆದಿದ್ದ. ತಿಂಗಳುಗಟ್ಟಲೆ ಅವು ಬಿದ್ದಲ್ಲೇ ಬಿದ್ದುಕೊಂಡು, ಬೇರು ಆಕಾಶಕ್ಕೆ ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಹಸಿರಾಗಿಯೇ ಇದ್ದವು. ಒಂದೆರಡಂತೂ ಮಗ್ಗುಲು ಹೊರಳಿ ನೆಲ ಹಿಡಿದಿದ್ದವು. ಮರುವರ್ಷ ಗುಂಡಿ ತೋಡಿ ಹೂತ. ಮಳೆ ಬಂದು ಹೋದ ಮೇಲೆ ಗುಂಡಿಯ ಬಾಯಿಂದ ಬೆರಳು ತೋರಿಸುವವರ ಹಾಗೆ ಎದ್ದು ನಿಂತವು. ಕೊನೆಗೆ ದಾರಿ ತೋರಿಸಿದವಳು ಹೆಂಡತಿಯೇ. ತಳ ಸೀದ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಅದು ಕೊತಕೊತ ಅನ್ನುವಾಗ, "ತನ್ನಿ ಇಲ್ಲಿ, ಒಂದು ಕುದಿ ಸಾಕು," ಅಂದಳು. ಒಂದು ಕುದಿಗೇ ಮರಿಗಳು ಬೂದಿ ಬಣ್ಣಕ್ಕೆ ತಿರುಗಿ, ಸಿಂಬಳದ ಹಾಗೆ ಮೆತ್ತಗಾದವು. ಅಂದಿನಿಂದ ಆ ಪಾತ್ರೆ ಆ ಕೆಲಸಕ್ಕೇ ಮೀಸಲು.

ಗಿಡ ಕಾಯಲೆಂದು ಸಂಬಳ ತಿನ್ನುವವನು ಗಿಡವನ್ನೇ ಏಕೆ ಕುದಿಸಬೇಕು ಅಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕೆಲಸ ಸಿಗುವ ಮುಂಚೆ ಅವನೂ ಹೆಂಡತಿಯೂ ಪುಟ್ಟ ಮಗಳೂ ಹೆಂಡತಿಯ ಅಣ್ಣನ ಮನೆಯಲ್ಲಿ ಮೆಟ್ಟಿಲ ಕೆಳಗೆ ಇದ್ದರು. ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಮೆಟ್ಟಿಲ ಕೆಳಗೆ. ಪೊರಕೆ, ಹಳೆಯ ಡಬ್ಬಗಳನ್ನು ಇಡುವ ಮೂಲೆಗೆ ಒಂದು ಪರದೆ ಕಟ್ಟಿಕೊಟ್ಟಿದ್ದರು. ಸರಕ್ಕನೆ ತಲೆ ಎತ್ತಿದರೆ ಮೆಟ್ಟಿಲು ಬಡಿಯುತ್ತಿತ್ತು. ಅಣ್ಣನ ಮಕ್ಕಳು ಮೇಲಕ್ಕೂ ಕೆಳಕ್ಕೂ ಓಡಾಡುವಾಗ ಉದುರಿದ ಧೂಳು ಇವರ ತಟ್ಟೆಗೆ ಬೀಳುತ್ತಿತ್ತು. ಆ ಅಣ್ಣ ಕೆಟ್ಟ ಮಾತು ಆಡಿದವನಲ್ಲ. ಊಟಕ್ಕೆ ಕೂತಾಗ ನಗುನಗುತ್ತಾ, ಇವತ್ತು ಭಾವನವರು ಯಾವ ಕೆಲಸ ಹುಡುಕಿ ಸುಸ್ತಾದರು ಎಂದು ಎಲ್ಲರೆದುರು ವಿಚಾರಿಸುತ್ತಿದ್ದ, ಅಷ್ಟೇ. ಮನೆಯ ಚಿಕ್ಕ ಮಕ್ಕಳೂ ಆ ಪ್ರಶ್ನೆಯನ್ನು ಕಲಿತುಬಿಟ್ಟಿದ್ದರು.

ಆಮೇಲೆ ಈ ಕೆಲಸ ಬಂತು. ಊರಾಚೆ ಒಂದು ಸುಣ್ಣಕಲ್ಲಿನ ಬೆಟ್ಟ. ಅದರ ಹಿಂಬದಿಯನ್ನು ಕಲ್ಲು ಗಣಿಯವರು ಕೊರೆದು ಕೊರೆದು ಅರ್ಧ ತಿಂದಿದ್ದರು. ಮುಂಬದಿಯ ಇಳಿಜಾರಿನಲ್ಲಿ, ನಡುಮಟ್ಟದ ಒಂದು ಚಾಚುಬಂಡೆಯ ಮೇಲೆ, ಚುಕ್ಕೆ ಲೋಳೆಸರ ಎಂಬ ಕಾಡು ಲೋಳೆಸರ ಬೆಳೆಯುತ್ತಿತ್ತು. ಅಂಗೈಯಗಲದ ಗಿಡ, ಎಲೆಯ ಮೇಲೆ ಬಿಳಿ ಚುಕ್ಕೆ, ಚಳಿ ಮುಗಿಯುವ ಹೊತ್ತಿಗೆ ಒಂದೇ ಒಂದು ಹೂಕಡ್ಡಿ. ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಜಾತಿಯಂತೆ. ಸುಣ್ಣಕಲ್ಲಿನ ಬಿರುಕು, ಮಧ್ಯಾಹ್ನದ ತನಕ ಬಿಸಿಲು, ಆಮೇಲೆ ಬಂಡೆಯ ನೆರಳು, ಇಷ್ಟು ಕೂಡಿದರೆ ಮಾತ್ರ ಬದುಕುವ ಗಿಡ. ಎಲೆ ಮುರಿದು ನೆಟ್ಟರೆ ಬೇರು ಬಿಡುವುದಿಲ್ಲ. ಈ ಬೆಟ್ಟದಲ್ಲಿ ಕಿತ್ತೆಸೆದರೂ ಸಾಯದವು, ದೊಡ್ಡ ತೋಟದ ಗಾಜಿನ ಮನೆಗೆ ಒಯ್ದು ಕುಂಡದಲ್ಲಿಟ್ಟರೆ ಕೊಳೆತುಹೋದವು. ಇಲಾಖೆಯವರು ಸುತ್ತ ಬೇಲಿ ಹಾಕಿ, ಗೇಟಿಗೆ ಕೆಂಪು ಬೋರ್ಡು ಹೊಡೆದು, 'ಅಳಿವಿನ ಕೊನೆಯ ಅಂಚಿನಲ್ಲಿರುವ ಪ್ರಭೇದ' ಎಂದು ಬರೆಸಿ, ಅದರ ಪಕ್ಕ ಕಾವಲುಗಾರನಿಗೆ ಎರಡು ಕೋಣೆಯ ಕ್ವಾರ್ಟರ್ಸ್ ಕಟ್ಟಿಸಿದರು.

ಎರಡು ಕೋಣೆ, ಅಡುಗೆಮನೆ, ಅಡುಗೆಮನೆಯಲ್ಲೇ ನಲ್ಲಿ. ಬಂದ ದಿನ ಹೆಂಡತಿ ಆ ನಲ್ಲಿಯನ್ನು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು, ಇದನ್ನೇ ಮಾಡುತ್ತಿದ್ದಳು. ಯಾರನ್ನೂ ಕೇಳದೆ ನೀರು ಬಿಟ್ಟುಕೊಳ್ಳುವುದು ಅವಳಿಗೆ ಮರೆತೇಹೋಗಿತ್ತು.

ಗಣಿಯ ಕೂಲಿಗಳು ಅವನಿಗೆ 'ಗಿಡದ ಗಂಡ' ಎಂದು ಹೆಸರಿಟ್ಟರು. ರಸ್ತೆಯಲ್ಲಿ ಎದುರಾದರೆ, ಮನೆಯವರು ಹೇಗಿದ್ದಾರೆ, ಹೂ ಮುಡಿದರಾ, ಎಂದು ಕೇಳುತ್ತಿದ್ದರು. ಅವನು ಹಲ್ಲು ಕಿರಿದು ಮುಂದೆ ಹೋಗುತ್ತಿದ್ದ. ನಗಲಿ ಬಿಡು, ನನ್ನ ತಲೆಯ ಮೇಲೆ ಮೆಟ್ಟಿಲಿಲ್ಲವಲ್ಲ.

ಹೂವಿನ ಕಾಲಕ್ಕೆ ಸಸ್ಯಶಾಸ್ತ್ರದ ಮೇಡಂ ಬಂದರು. ವರ್ಷಕ್ಕೊಮ್ಮೆ ಬಂದು ಹೂ ಬಿಟ್ಟ ಗಿಡಗಳನ್ನು ಎಣಿಸುವುದು ಅವರ ಕೆಲಸ. ಒಳ್ಳೆಯ ಹೆಂಗಸು. ಕಲ್ಲಿನ ಮೇಲೆ ಮಂಡಿಯೂರಿ ಎಣಿಸುತ್ತಾ ಎಣಿಸುತ್ತಾ, ಚಾಚುಬಂಡೆಯ ಕೆಳಗಿನ ಮುಳ್ಳುಪೊದೆಗಳ ಬುಡಕ್ಕೆ ಬಂದವರು ಹಾಗೇ ಕೂತುಬಿಟ್ಟರು. ಅವನನ್ನು ಕೈಸನ್ನೆ ಮಾಡಿ ಕರೆದರು. ಪೊದೆಯ ನೆರಳಲ್ಲಿ, ಒಣ ಎಲೆಯ ನಡುವೆ, ಉಗುರಿನಷ್ಟು ಉದ್ದದ ಹಸಿರು ಚೂರುಗಳು. ಮರಿಗಳು. ಗಾಳಿಗೆ ತೂರಿ ಬಂದ ಬೀಜ ಪೊದೆಯ ಮಡಿಲಲ್ಲಿ ಮೊಳೆತಿತ್ತು. ಮೇಡಂ ಕಣ್ಣಲ್ಲಿ ನೀರು.

"ಇವೆಲ್ಲ ಉಳಿದು ಬೆಳೆದರೆ ಹೂ ಬಿಡೋ ಗಿಡ ಐವತ್ತು ದಾಟುತ್ತೆ. ಐವತ್ತು ದಾಟಿದ್ರೆ ಈ ಕೆಂಪು ಬೋರ್ಡು ಇಳಿಸಿಬಿಡಬಹುದು," ಅಂದರು. "ಆಮೇಲೆ ಕಾವಲೂ ಬೇಕಾಗಲ್ಲ. ಬೇಲಿ ಬಿಚ್ಚಿ ಇನ್ನೊಂದು ಬೆಟ್ಟಕ್ಕೆ ಹಾಕ್ತೀವಿ. ನಿಮ್ಮ ಕೈಗುಣ ಚೆನ್ನಾಗಿದೆ ನೋಡಿ."

"ಆಗ ಕ್ವಾರ್ಟರ್ಸ್, ಮೇಡಂ?"

"ಯಾವ ಕ್ವಾರ್ಟರ್ಸ್?" ಅಂದರು ಮೇಡಂ, ಮರಿಗಳಿಂದ ಕಣ್ಣು ಕೀಳದೆ.

ಸಂಜೆ ಅವನು ಹೆಂಡತಿಗೆ ಎಲ್ಲ ಹೇಳಿದ. ಗಿಡ ಪೂರ್ತಿ ಅಳಿದುಹೋದರೆ ಬೆಟ್ಟ ಗಣಿಯವರ ಪಾಲು, ನಾವು ಬೀದಿಗೆ. ಗಿಡ ಹೆಚ್ಚಾದರೆ ಬೋರ್ಡು ಇಳಿಯುತ್ತದೆ, ಆಗಲೂ ನಾವು ಬೀದಿಗೆ. ಹೆಂಡತಿ ನಲ್ಲಿಯ ಕೆಳಗಿನ ಬಕೆಟ್ಟು ತುಂಬಿದ ಮೇಲೆ ನಲ್ಲಿ ನಿಲ್ಲಿಸಿದಳು. ಆಮೇಲೆ, "ಐವತ್ತು ಆಗಬಾರದು. ಅಷ್ಟೇ ತಾನೆ?" ಅಂದಳು.

ಅಷ್ಟೇ.

ಅವನು ಹಳೆಯ ಸೈಕಲ್ ಚಕ್ರದ ಒಂದು ಕಡ್ಡಿಯನ್ನು ಮುರಿದು ತುದಿ ಬಗ್ಗಿಸಿ ಕೊಕ್ಕೆ ಮಾಡಿಕೊಂಡ. ಮಳೆಗಾಲ ಮುಗಿದು ನೆಲ ಮೆತ್ತಗಿರುವಾಗ ಮಂಡಿಗೆ ಗೋಣಿ ಸುತ್ತಿಕೊಂಡು ಪೊದೆಯಿಂದ ಪೊದೆಗೆ ಹೋಗುತ್ತಿದ್ದ. ಮರಿಯ ಪಕ್ಕದಲ್ಲಿ ಕಡ್ಡಿ ಚುಚ್ಚಿ ಒಂದು ತಿರುವು ತಿರುವಿದರೆ ಬೇರುಸಹಿತ ಮೇಲಕ್ಕೆ. ನೆಲದಲ್ಲಿ ಅರ್ಧಚಂದ್ರದಂಥ ಒಂದು ಗೀರು ಮಾತ್ರ ಉಳಿಯುತ್ತಿತ್ತು, ಅದನ್ನೂ ಅಂಗೈಯಿಂದ ಸವರಿಬಿಡುತ್ತಿದ್ದ. ಬರಬರುತ್ತಾ ಕೆಲಸ ಹಿಡಿತಕ್ಕೆ ಸಿಕ್ಕಿತು, ಕೆಲಸದ ಮೇಲೆ ಒಂಥರಾ ಅಭಿಮಾನವೂ ಹುಟ್ಟಿತು. ಎರಡೆಲೆ ಬಿಟ್ಟ ಮರಿಯನ್ನೂ ನಿಂತಲ್ಲಿಂದಲೇ ಗುರುತಿಸಬಲ್ಲ ಕಣ್ಣು ಅವನದಾಯಿತು. ಮೇಲೆ ಬಂಡೆಯ ಮೇಲಿನ ದೊಡ್ಡ ಗಿಡಗಳನ್ನಂತೂ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಒಂದು ಆಡು ಒಳಗೆ ಕಾಲಿಡಲಿಲ್ಲ, ಒಬ್ಬ ಕಳ್ಳ ಬೇಲಿ ಹಾರಲಿಲ್ಲ. ಅವನಂಥ ಕಾವಲುಗಾರ ಬೇರೆ ಇಲ್ಲ ಎಂದು ಇಲಾಖೆಯಲ್ಲಿ ಹೆಸರಾಯಿತು.

ಇತ್ತ ಮೇಡಂ ವರ್ಷ ವರ್ಷವೂ ಬಂದು, ಪೊದೆಯ ಬುಡವನ್ನೆಲ್ಲ ಕೆದಕಿ, ಬರಿಗೈಯಲ್ಲಿ ಎದ್ದು ನಿಲ್ಲುತ್ತಿದ್ದರು. ಗಿಡ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ, ಮರಿ ಮಾತ್ರ ಇಲ್ಲ. ಯೋಚಿಸಿ ಯೋಚಿಸಿ ಒಂದು ಕಾರಣ ಕಂಡುಕೊಂಡರು. ಪರಾಗ ಒಯ್ಯುವ ಪುಟ್ಟ ಹಕ್ಕಿ ಗಣಿಯ ಧೂಳಿಗೆ ಹೆದರಿ ಬೇರೆಡೆ ಹೋಗಿದೆ, ಅದಕ್ಕೇ ಬೀಜ ಜೊಳ್ಳು ಅಂತ. ಆ ವಿಷಯವಾಗಿ ದೊಡ್ಡ ಸಭೆಯಲ್ಲಿ ಮಾತಾಡಿದರು. ಮಾತಿಗೆ 'ಮರಿ ಹುಟ್ಟದ ಇಳಿಜಾರು' ಎಂದು ಹೆಸರಿಟ್ಟಿದ್ದರು. ಬಹುಮಾನವೂ ಬಂತು. ಪತ್ರಿಕೆಯಲ್ಲಿ ಅವರ ಫೋಟೋದ ಹಿಂದೆ ಬೆಟ್ಟವೂ, ಬೆಟ್ಟದ ಮೇಲೆ ಚುಕ್ಕಿಯಂತೆ ಅವನೂ ಇದ್ದ. ಹೆಂಡತಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ನಮ್ಮನೆಯವರು ಹಕ್ಕಿಯಾಗಿಬಿಟ್ಟರಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ನಗದೆ ಕೂತಿದ್ದವಳು ಮಗಳು.

ಮಗಳು ಈ ಮನೆಗೆ ಬಂದಾಗ ಅಂಗನವಾಡಿಯ ವಯಸ್ಸು, ಈಗ ಹದಿನೇಳು. ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಬೆಟ್ಟ ಹತ್ತುತ್ತಿದ್ದಳು, ಚೀಲ ಹಿಡಿದುಕೊಳ್ಳುತ್ತಿದ್ದಳು. ಒಮ್ಮೆ ಚೀಲದಿಂದ ಒಂದು ಮರಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, "ಒಂದನ್ನ ಬಿಡಪ್ಪ. ಒಂದರಿಂದ ಐವತ್ತು ಆಗಿಬಿಡುತ್ತಾ?" ಎಂದು ಕೇಳಿದ್ದಳು. ಅವನು ಆ ಮರಿಯನ್ನು ಅವಳ ಕೈಯಿಂದಲೇ ಪಾತ್ರೆಗೆ ಹಾಕಿಸಿದ. ದಯೆ ದಾಕ್ಷಿಣ್ಯ ಅಂತ ಹೊರಟರೆ ಮೆಟ್ಟಿಲ ಕೆಳಗೆ ಹೋಗಬೇಕಾಗುತ್ತದೆ ಎಂದು ಆಗಲೇ ಕಲಿತರೆ ಒಳ್ಳೆಯದು ಅನ್ನಿಸಿತ್ತು ಅವನಿಗೆ. ಅವಳು ಬೆಟ್ಟ ಹತ್ತುವುದನ್ನು ಬಿಟ್ಟಳು, ಅಂದರೆ ಅವನ ಜೊತೆ ಹತ್ತುವುದನ್ನು ಬಿಟ್ಟಳು. ಒಬ್ಬಳೇ ಹೋಗಿ ಬಂಡೆಯ ಮರೆಯಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ಚಿಕ್ಕವಳಿದ್ದಾಗ ಹಾಕುತ್ತಿದ್ದ ಕೆಂಪು ಸ್ವೆಟರನ್ನು ಬಿಚ್ಚಿ, ಆ ದಾರದಲ್ಲೇ ಮಫ್ಲರು ಹೆಣೆದು, ಅದನ್ನೂ ಬಿಚ್ಚಿ ಇನ್ನೇನೋ ಹೆಣೆಯುತ್ತಿದ್ದಳು. ಬಣ್ಣ ಬಿಡುವ ಅಗ್ಗದ ಉಣ್ಣೆ, ಒಗೆದಾಗಲೆಲ್ಲ ಬಕೆಟ್ಟು ಕೆಂಪಾಗುತ್ತಿತ್ತು.

ನಗರದ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಮೇತ. ಅಪ್ಪನ ಸಹಿ ಒಂದು ಬಾಕಿ. ಅರ್ಜಿ ಹೋದ ವರ್ಷದಿಂದ ಗಡಿಯಾರದ ಹಿಂದೆ ಮಡಿಸಿಕೊಂಡು ಕೂತಿತ್ತು. ಸಹಿ ಹಾಕುವುದಕ್ಕೆ ಅವನಿಗೇನೂ ಕೈನೋವಿರಲಿಲ್ಲ. ಆದರೆ ಇಲಾಖೆಯ ನಿಯಮ ಹಾಗಿತ್ತು: ಮಕ್ಕಳು ಜೊತೆಯಲ್ಲಿದ್ದರೆ ಕಾವಲುಗಾರನಿಗೆ ಎರಡು ಕೋಣೆ, ಗಂಡ ಹೆಂಡತಿ ಇಬ್ಬರೇ ಆದರೆ ಗೇಟಿನ ಪಕ್ಕದ ಒಂದು ತಗಡಿನ ಶೆಡ್ಡು. ಮಗಳು ಹೋದರೆ ನಲ್ಲಿ ಹೋಗುತ್ತದೆ. ಮುಂದಿನ ವರ್ಷ ನೋಡೋಣ ಅಂದಿದ್ದ. ಈ ವರ್ಷವೂ ಅದನ್ನೇ ಅಂದ. ಈ ಸಲ ತಪ್ಪಿದರೆ ಸೀಟು ಬೇರೆಯವರಿಗೆ ಕೊಡುತ್ತಾರೆ ಎಂದು ಮಗಳು ತಿಳಿಸಿದಾಗ, ಉತ್ತರ ಕೊಟ್ಟವಳು ಹೆಂಡತಿ. ಕಂಡವರ ಹೇಲು ಉಚ್ಚೆ ಬಾಚುವುದಕ್ಕೆ ಅಷ್ಟು ದೂರ ಏಕೆ ಹೋಗಬೇಕು, ಇಲ್ಲೇ ಇರು, ಇನ್ನು ಸ್ವಲ್ಪ ವರ್ಷಕ್ಕೆ ನನ್ನದನ್ನೇ ಬಾಚಬಹುದು ಅಂದಳು.

ಮಗಳು ಮತ್ತೆ ಆ ಮಾತು ಎತ್ತಲಿಲ್ಲ. ಗಡಿಯಾರಕ್ಕೆ ಕೀಲಿ ಕೊಡುವಾಗ ಮಾತ್ರ ಅರ್ಜಿಯ ಮೇಲಿನ ಧೂಳು ಒರೆಸುತ್ತಿದ್ದಳು.

ಈ ವರ್ಷದ ಕೀಳುವ ಕೆಲಸ ಅವಸರದಲ್ಲಿ ನಡೆಯಿತು. ಮೇಡಂ ಈ ಸಲ ಹೂವಿನ ಕಾಲಕ್ಕೆ ಕಾಯದೆ, ಮಳೆಗಾಲದ ಕೊನೆಗೇ ದೊಡ್ಡ ಗಿಡಗಳನ್ನು ಎಣಿಸಲು ಬರುತ್ತೇನೆಂದು ಫೋನು ಮಾಡಿದ್ದರು. ತುಂತುರು ಮಳೆಯಲ್ಲೇ ಅವನು ಪೊದೆ ಪೊದೆ ಸುತ್ತಿ, ಸಿಕ್ಕಿದ್ದನ್ನೆಲ್ಲ ಕಿತ್ತು ಚೀಲಕ್ಕೆ ತುರುಕಿ ತಂದ. ಯಾವುದನ್ನು ಎಲ್ಲಿ ಕಿತ್ತೆನೆಂದು ನೋಡುವ ವ್ಯವಧಾನವಿರಲಿಲ್ಲ. ಹೆಂಡತಿ ಆಗಲೇ ನೀರಿಟ್ಟಿದ್ದಳು. ಚೀಲವನ್ನು ತಲೆಕೆಳಗು ಮಾಡಿ ಸುರಿದಾಗ ಮರಿಗಳ ಜೊತೆ ಒಂದು ದೊಡ್ಡದೂ ದೊಪ್ಪನೆ ಬಿತ್ತು. ಅಂಗೈ ತುಂಬುವಷ್ಟಿತ್ತು. ಅದರ ಬುಡಕ್ಕೆ ಎಂಥದೋ ದಾರ, ಮಣ್ಣು ಮೆತ್ತಿ ಕಪ್ಪಾಗಿತ್ತು. ಹಕ್ಕಿಗೂಡಿನಿಂದ ಉದುರಿ ಸುತ್ತಿಕೊಂಡಿರಬೇಕು ಅಂದುಕೊಂಡ.

ಮಗಳು ಸಿಂಕಿನ ಮುಂದೆ ಲೋಟ ತೊಳೆಯುತ್ತಾ ನಿಂತಿದ್ದಳು. ತಿರುಗಿ ನೋಡಿದಳು.

"ಅದು ಮರಿ ಅಲ್ಲ," ಅಂದಳು.

"ಎಷ್ಟೋ ವರ್ಷದಿಂದ ನನ್ನ ಕಣ್ಣು ತಪ್ಪಿಸಿ ಬೆಳೆದಿದೆ, ಕಳ್ಳಮುಂಡೇದು," ಅಂದ ಅವನು, ತನ್ನ ಕಣ್ಣಿಗೆ ಆದ ಅವಮಾನಕ್ಕೆ ಕೊಂಚ ಸಿಟ್ಟಾಗಿ. "ಇನ್ನೆರಡು ವರ್ಷ ಬಿಟ್ಟಿದ್ರೆ ಹೂ ಬಿಡ್ತಿತ್ತು." ಸೌಟಿನಿಂದ ಅದನ್ನು ನೀರಿನೊಳಕ್ಕೆ ಅದುಮಿದ.

ದೊಡ್ಡದಾದ್ದರಿಂದ ಒಂದು ಕುದಿ ಸಾಲಲಿಲ್ಲ. ಎರಡು ಸಲ ಮೇಲೆ ತೇಲಿ ಬಂತು, ಎರಡು ಸಲವೂ ಅದುಮಿ ಹಿಡಿದ. ಮಣ್ಣು ಕರಗಿ, ನೀರು ನಿಧಾನಕ್ಕೆ ಕೆಂಪಾಯಿತು. ಕತ್ತರಿಸಿದ ಲೋಳೆಸರದ ರಸ ಕೆಂಪಗಾಗುವುದುಂಟು. ಹೆಂಡತಿ ಇಣುಕಿ ನೋಡಿ, ದೊಡ್ಡ ಗಿಡಕ್ಕೆ ರಕ್ತ ಬೇರೆ ಇದೆ ಕಣ್ರೀ ಎಂದು ನಕ್ಕಳು. ಮಗಳು ಕುದಿ ನಿಲ್ಲುವ ತನಕ ಪಾತ್ರೆಯನ್ನೇ ನೋಡುತ್ತಿದ್ದಳು. ಆಮೇಲೆ ನಲ್ಲಿ ನಿಲ್ಲಿಸಿ, ಒಂದೊಂದೇ ಬೆರಳಾಗಿ ಕೈ ಒರೆಸಿಕೊಂಡು, ಲೋಟಗಳನ್ನು ಬೋರಲು ಹಾಕಿ ಒಳಗೆ ಹೋದಳು.

ಮೇಡಂ ಬಂದರು, ಎಣಿಸಿದರು, ಮರಿ ಕಾಣದೆ ನಿಟ್ಟುಸಿರು ಬಿಟ್ಟರು, ಹೋದರು. ಐವತ್ತರ ಒಳಗೇ ಇತ್ತು. ಎಲ್ಲವೂ ಸರಿಯಾಗಿತ್ತು.

ಅವರು ಹೋದ ವಾರದಲ್ಲೇ ಬೆಟ್ಟ ಜಾರಿತು. ಗಣಿಯವರು ಹಿಂಬದಿಯಲ್ಲಿ ಸಿಡಿಸಿದ ಮದ್ದು ಮಳೆಗೆ ನೆನೆದ ಕಲ್ಲಿನ ಯಾವ ಸಂದಿಯನ್ನು ಬಿಡಿಸಿತೋ, ನಡುಮಧ್ಯಾಹ್ನ ಚಾಚುಬಂಡೆ ಬುಡಸಹಿತ ಕಳಚಿಕೊಂಡು, ಮಗುಚಿ, ಪುಡಿಪುಡಿಯಾಗಿ ಕಣಿವೆಗೆ ಸುರಿಯಿತು. ಅವನು ಊಟದ ಕೈಯಲ್ಲೇ ಓಡಿದ. ಧೂಳು ಇಳಿದಾಗ ನಡುಮಟ್ಟದಲ್ಲಿ ಹಸಿ ಗಾಯದಂಥ ಬಿಳಿ ಗೋಡೆ. ಕೆಳಗೆ ಮನೆಯಷ್ಟು ಎತ್ತರದ ಕಲ್ಲಿನ ರಾಶಿ, ಅದರ ಸಂದಿಗಳಿಂದ ಕಹಿ ವಾಸನೆ. ಅಲ್ಲಲ್ಲಿ ಜಜ್ಜಿಹೋದ ಎಲೆ ಸಿಕ್ಕಿತು. ಗಿಡ ಒಂದೂ ಸಿಗಲಿಲ್ಲ. ಬದುಕಿದ್ದಾಗ ಏನು ಮಾಡಿದರೂ ಸಾಯದಿದ್ದದ್ದು ಹೀಗೆ ಒಂದೇ ಏಟಿಗೆ ಹೋಗಿತ್ತು.

ಮೇಡಂ ಮರುದಿನವೇ ಓಡಿಬಂದರು. ರಾಶಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಅವನ ಹತ್ತಿರ ಬಂದು, ಇಲಾಖೆಯ ಸಮಿತಿಯವರು ಶನಿವಾರ ಬರುತ್ತಾರೆ, ಗಿಡ ಇಲ್ಲವೆಂದು ಖಾತ್ರಿಯಾದರೆ ಬೆಟ್ಟವನ್ನು ಗಣಿಗೆ ಬಿಡುತ್ತಾರೆ ಎಂದರು. ಕುಂಡದಲ್ಲಿರುವುದು ಲೆಕ್ಕಕ್ಕಿಲ್ಲ, ಬೆಟ್ಟದ ನೆಲದಲ್ಲೇ ಬೇರೂರಿದ್ದು ಬೇಕು.

"ಒಂದು. ಒಂದೇ ಒಂದು ಜೀವಂತ ಗಿಡ ತೋರಿಸಿದ್ರೆ ಬೇಲಿ ಉಳಿಸ್ತೀನಿ, ನಿಮ್ಮ ಕೆಲಸಾನೂ ಉಳಿಸ್ತೀನಿ. ಕಲ್ಲು ಬೀಳದ ಕಡೆಯ ಪೊದೆಗಳಿಗೆ ಏನೂ ಆಗಿಲ್ಲ. ಈ ಬೆಟ್ಟದ ಕಲ್ಲು ಕಲ್ಲೂ ನಿಮಗೆ ಗೊತ್ತು. ಹುಡುಕಿ."

ಅವನು ಹುಡುಕಿದ. ಮಂಡಿಗೆ ಅದೇ ಗೋಣಿ ಸುತ್ತಿಕೊಂಡು, ಅದೇ ಸೈಕಲ್ ಕಡ್ಡಿ ಹಿಡಿದು, ಅದೇ ಪೊದೆಗಳ ಬುಡಕ್ಕೆ ಹೋದ. ಒಣ ಎಲೆಯನ್ನು ಒಂದೊಂದಾಗಿ ಎತ್ತಿದ. ಹಾಗೆ ಹುಡುಕುವಾಗ ಬೆಟ್ಟದ ಅಂಚಿನ ಜೋಡಿಬಂಡೆಯ ತನಕ ಹೋಗಲು ಹೊತ್ತೇ ಸಾಲಲಿಲ್ಲ. ಎರಡೆಲೆಯ ಮರಿಯನ್ನೂ ಬಿಡದೆ ಗುರುತಿಸುವ ಆ ಕಣ್ಣಿಗೆ ಏನೂ ಬೀಳಲಿಲ್ಲ. ಅವನ ಕೆಲಸ ಅಷ್ಟು ಅಚ್ಚುಕಟ್ಟು. ಗೋಣಿ ಹರಿದು ಮಂಡಿಯ ಚರ್ಮ ಸುಲಿಯಿತು. ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಬಂದು ಮುಳ್ಳಿಗೆ ಮುಖ ಕೊಟ್ಟು ಹುಡುಕಿದಳು, ಹುಡುಕುತ್ತಾ ಹುಡುಕುತ್ತಾ ಗಂಡನ ಜನ್ಮ ಜಾಲಾಡಿದಳು.

"ಅಷ್ಟು ಚೊಕ್ಕಟವಾಗಿ ಕೀಳಿ ಅಂತ ಯಾರು ಹೇಳಿದ್ರು ನಿಮಗೆ? ಮನೇಲಿ ಒಂದು ಕೆಲಸಾನಾದ್ರೂ ಹೀಗೆ ಮಾಡಿದ್ರಾ?"

ಶುಕ್ರವಾರ ಅವಳ ಅಣ್ಣನ ಫೋನು ಬಂತು. ಬೆಟ್ಟ ಜಾರಿದ ಸುದ್ದಿ ಅವನಿಗೂ ಮುಟ್ಟಿತ್ತು. ಬಹಳ ಕನಿಕರದಿಂದ ಮಾತಾಡಿದ. ಮೆಟ್ಟಿಲ ಕೆಳಗೆ ಈಗ ಮೊಮ್ಮಗನ ಸೈಕಲ್ ಇಟ್ಟಿದ್ದೇವೆ, ಬೇಕಾದರೆ ತೆಗೆಸುತ್ತೇನೆ, ಭಾವನವರಿಗೆ ಈಗ ಬೆನ್ನು ಬಗ್ಗಿರಬಹುದು, ತಲೆ ತಾಗಲಿಕ್ಕಿಲ್ಲ ಎಂದ. ಹೆಂಡತಿ ಫೋನಿಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು, ನಲ್ಲಿಯ ಪೈಪಿಗೆ ಒರಗಿಕೊಂಡಳು.

ಅವನು ಸಂಜೆ ಬರಿಗೈಯಲ್ಲಿ ಬಂದು ಹೊಸಿಲ ಮೇಲೆ ಕುಸಿದ. ಮಗಳು ಕುರ್ಚಿಯಲ್ಲಿ ಕೂತು ಹೆಣೆಯುತ್ತಿದ್ದಳು. ಮೂರು ದಿನದಿಂದ ಅವಳು ಹುಡುಕಲು ಬಂದಿರಲಿಲ್ಲ, ಬಾ ಎಂದು ಕರೆಯಲು ಅವನಿಗೆ ನಾಲಿಗೆ ಎದ್ದಿರಲಿಲ್ಲ.

"ನಾನೊಂದನ್ನ ಬಚ್ಚಿಟ್ಟು ಸಾಕಿದ್ದೆ," ಅಂದಳು ಅವಳು, ಕಡ್ಡಿಗಳನ್ನು ನಿಲ್ಲಿಸದೆ. "ಕುಂಡದಲ್ಲಲ್ಲ. ಬೆಟ್ಟದಲ್ಲೇ."

ಗಂಡ ಹೆಂಡತಿ ಇಬ್ಬರೂ ಅವಳ ಕಡೆ ತಿರುಗಿದರು. ಅವಳು ನಿಧಾನವಾಗಿ ಹೇಳಿದಳು. ಆವತ್ತು ಚೀಲದಿಂದ ಎತ್ತಿಕೊಂಡದ್ದು ಒಂದಲ್ಲ, ಎರಡು. ಒಂದನ್ನು ಅಪ್ಪ ಪಾತ್ರೆಗೆ ಹಾಕಿಸಿದ. ಇನ್ನೊಂದು ಇನ್ನೊಂದು ಮುಷ್ಟಿಯಲ್ಲಿತ್ತು. ಅದನ್ನು ಒಯ್ದು ನೆಟ್ಟು, ಬೇಸಿಗೆಯಲ್ಲಿ ಡಬ್ಬದಲ್ಲಿ ನೀರು ಹೊತ್ತು, ಮೇಲೆ ಮುಳ್ಳುಕೊಂಬೆ ಮುಚ್ಚಿ, ಎಲ್ಲರ ಕಣ್ಣು ತಪ್ಪಿಸಿ ಬೆಳೆಸಿದ್ದಳು.

ಅವನು ತೆವಳಿಕೊಂಡೇ ಅವಳ ಕುರ್ಚಿಯ ಹತ್ತಿರ ಹೋದ. ಎಲ್ಲಿ, ಎಲ್ಲಿ ತಾಯಿ, ಎಂದು ಅವಳ ಪಾದ ಹಿಡಿದ. ಮಗಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಪ್ಪನ ನೆತ್ತಿಯನ್ನು, ಅಲ್ಲಿ ಕೂದಲು ಉದುರಿದ ಜಾಗವನ್ನು, ಸ್ವಲ್ಪ ಹೊತ್ತು ನೋಡಿದಳು.

"ಮೊದಲು ಸಹಿ," ಅಂದಳು.

ಹೆಂಡತಿ ಒಂದು ಕ್ಷಣ ಲೆಕ್ಕ ಹಾಕಿದಳು. ಮಗಳು ಹೋದರೆ ತಗಡಿನ ಶೆಡ್ಡು, ಗಿಡ ಹೋದರೆ ಮೆಟ್ಟಿಲ ಕೆಳಗು. ಎದ್ದು ಹೋಗಿ ಗಡಿಯಾರದ ಹಿಂದಿನಿಂದ ಅರ್ಜಿ ತಂದು, ಪೆನ್ನಿನ ಮುಚ್ಚಳ ತೆಗೆದು ಗಂಡನ ಕೈಗೆ ಕೊಟ್ಟಳು. ಅವನು ನೆಲದ ಮೇಲೇ ಇಟ್ಟುಕೊಂಡು ಸಹಿ ಮಾಡಿದ. ಮಗಳು ಸಹಿಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ, ಬ್ಯಾಗಿಗೆ ಹಾಕಿದಳು. ಜಾಗವನ್ನು ಬಸ್ಸು ಹತ್ತುವಾಗ ಹೇಳುತ್ತೇನೆ ಅಂದಳು. ನಿನ್ನಪ್ಪನ ಮೇಲೆ ಅಷ್ಟೂ ನಂಬಿಕೆ ಇಲ್ಲವೇನೇ ಎಂದು ಹೆಂಡತಿ ರೇಗಿದಳು. ಮಗಳು ಬ್ಯಾಗಿನ ಬಾಯಿ ಎಳೆದು ಮುಚ್ಚಿದಳು.

ಬೆಳಿಗ್ಗೆಯ ಬಸ್ಸು ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಅವನು ಅವಳ ಟ್ರಂಕನ್ನು ತಾನೇ ಹೊತ್ತು ತಂದು ಬಸ್ಸಿನ ಮೇಲೆ ಹಾಕಿಸಿದ. ದೂರದ ತಿರುವಿನಲ್ಲಿ ಸಮಿತಿಯ ಜೀಪುಗಳ ಧೂಳು ಆಗಲೇ ಕಾಣುತ್ತಿತ್ತು. ಅವಳು ಕಿಟಕಿಯ ಪಕ್ಕ ಕೂತು, ತಲೆ ಹೊರಗೆ ಹಾಕಿದಳು.

"ಜೋಡಿಬಂಡೆಯ ಹಿಂದೆ ಕೊನೇ ಪೊದೆ. ಸುತ್ತ ಕಲ್ಲು ಜೋಡಿಸಿದ್ದೀನಿ," ಅಂದಳು. ಕಂಡಕ್ಟರು ಬಾಗಿಲು ಬಡಿದ. ಬಸ್ಸು ಹೊರಟಿತು. "ಗುರುತಿಗೆ ಅಂತ ಅದರ ಬುಡಕ್ಕೆ ನನ್ನ ಸ್ವೆಟರಿನ ದಾರ ಕಟ್ಟಿದ್ದೆ. ಹುಷಾರಾಗಿ ಹತ್ತಪ್ಪ, ಕಾಲು ಜಾರೀತು."

ಅವನು ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ. ಜೋಡಿಬಂಡೆ ಅನ್ನುತ್ತಲೇ ಅವನ ಕಾಲು ತಿರುಗಿಯಾಗಿತ್ತು. ಗೇಟಿನಲ್ಲಿ ಜೀಪಿನಿಂದ ಇಳಿಯುತ್ತಿದ್ದ ಮೇಡಂ ಕಂಡರು. ಇದೆ ಮೇಡಂ, ಒಂದಿದೆ, ಬನ್ನಿ, ಎಂದು ಕೂಗಿ ಹೇಳಿ, ಅವರ ಉತ್ತರಕ್ಕೂ ಕಾಯದೆ ಬೆಟ್ಟ ಹತ್ತಿದ. ಮೇಡಂ ಅವನ ಹಿಂದೆ, ಮೇಡಂ ಹಿಂದೆ ಸಮಿತಿಯ ಹಿರಿಯರು, ಏದುಸಿರು ಬಿಡುತ್ತಾ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು.

ಅರ್ಧ ಹತ್ತಿದಾಗ ಮಗಳ ಮಾತಿನ ಉಳಿದರ್ಧ ಅವನ ಕಿವಿಗೆ ಬಂತು. ಸ್ವೆಟರಿನ ದಾರ. ಕೆಂಪು ಸ್ವೆಟರು. ಕಾಲು ಒಮ್ಮೆ ತಡವರಿಸಿತು. ಆದರೂ ಹತ್ತಿದ. ಹತ್ತದೆ ಇರಲು ಆಗುತ್ತಿರಲಿಲ್ಲ, ಹಿಂದೆ ಅಷ್ಟು ಜನ ಬರುತ್ತಿದ್ದರು.

ಜೋಡಿಬಂಡೆಯ ಹಿಂದೆ, ಕೊನೆಯ ಪೊದೆಯ ಬುಡದಲ್ಲಿ, ಕಲ್ಲುಗಳ ಪುಟ್ಟ ಬಳೆಯಿತ್ತು. ಪಕ್ಕದಲ್ಲಿ ನೀರು ಹೊಯ್ಯುವ ಡಬ್ಬ ಮಗುಚಿ ಬಿದ್ದಿತ್ತು. ಬಳೆಯ ನಡುವೆ ಮುಷ್ಟಿ ಹಿಡಿಯುವಷ್ಟು ಕುಳಿ. ಕುಳಿಯ ಅಂಚಿಗೆ ಅರ್ಧಚಂದ್ರದಂಥ ಗೀರು, ಅವಸರದಲ್ಲಿ ಸವರದೆ ಬಿಟ್ಟದ್ದು. ಮುಳ್ಳಿಗೆ ಸಿಕ್ಕಿ ಗೇಣುದ್ದದ ಕೆಂಪು ಉಣ್ಣೆ ಗಾಳಿಗೆ ಅಲ್ಲಾಡುತ್ತಿತ್ತು.

ಅವನು ಮಂಡಿಯೂರಿ ಕೂತ. ದೂರದಲ್ಲಿ, ರಸ್ತೆಯ ತಿರುವಿನಲ್ಲಿ, ಬಸ್ಸು ಇರುವೆಯಷ್ಟಾಗಿ ಮರೆಯಾಯಿತು. ಪಾತ್ರೆ ಕುದಿಯುವಷ್ಟು ಹೊತ್ತೂ ಅವಳು ಅಲ್ಲೇ ನಿಂತು ನೋಡಿದ್ದು ನೆನಪಾಯಿತು. ಕೈ ಒರೆಸಿಕೊಂಡದ್ದೂ.

ಮೇಡಂ ಬಂದು ಅವನ ಪಕ್ಕ ಮಂಡಿಯೂರಿದರು. ಅವರ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ, ಮುಖದಲ್ಲಿ ಆಸೆ ಇನ್ನೂ ಆರಿರಲಿಲ್ಲ. ಕಲ್ಲುಗಳನ್ನು ನೋಡಿದರು, ಕುಳಿಯನ್ನು ನೋಡಿದರು. ಆ ಅರ್ಧಚಂದ್ರದ ಮೇಲೆ ಬೆರಳಾಡಿಸಿದರು. ಇಷ್ಟು ವರ್ಷ ಪೊದೆಗಳ ಬುಡದಲ್ಲಿ ಅಂಥ ಎಷ್ಟು ಗೀರುಗಳು ಮಾಸಲು ಮಾಸಲಾಗಿ ಅವರ ಕಣ್ಣಿಗೆ ಬಿದ್ದಿದ್ದವೋ, ಯಾವುದೋ ಹುಳದ ಗುರುತು ಅಂದುಕೊಂಡಿದ್ದರೋ. ಅವರ ದೃಷ್ಟಿ ನಿಧಾನವಾಗಿ ಅವನ ಅಂಗಿಯ ಜೇಬಿಗೆ ಬಂತು. ತುದಿ ಬಗ್ಗಿಸಿದ ಸೈಕಲ್ ಕಡ್ಡಿ ಅಲ್ಲಿಂದ ಇಣುಕುತ್ತಿತ್ತು. ಅವರು ಅದನ್ನು ತಾವೇ ಎಳೆದು ತೆಗೆದು, ಕೊಕ್ಕೆಯನ್ನು ಗೀರಿನ ಮೇಲಿಟ್ಟರು. ಸರಿಯಾಗಿ ಕೂತಿತು.

"ಎಷ್ಟು ವರ್ಷದಿಂದ?" ಅಂದರು.

ಅವನು ಬಾಯಿ ತೆರೆದ. ಹಿರಿಯರೊಬ್ಬರು ಹಿಂದಿನಿಂದ, ಎಲ್ಲಿ, ಎಲ್ಲಿದೆ, ನಮಗೂ ತೋರಿಸಿ, ಎಂದು ಕತ್ತು ಉದ್ದ ಮಾಡುತ್ತಿದ್ದರು.

ಕೆಳಗೆ ಕ್ವಾರ್ಟರ್ಸಿನ ಬಾಗಿಲಲ್ಲಿ ಹೆಂಡತಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ಎಲ್ಲರೂ ಒಂದೇ ಪೊದೆಯ ಸುತ್ತ ಬಗ್ಗಿ ನಿಂತದ್ದು ಅವಳಿಗೆ ಕಂಡಿತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಓಡಿ, ನಲ್ಲಿ ತಿರುಗಿಸಿ, ದೊಡ್ಡ ಪಾತ್ರೆ ತುಂಬಿಸಿ ಒಲೆ ಹಚ್ಚಿ, ಮತ್ತೆ ಬಾಗಿಲಿಗೆ ಬಂದಳು. ಅವಳ ದನಿ ಬೆಟ್ಟದ ಬಿಳಿ ಗಾಯಕ್ಕೆ ಬಡಿದು ಮೇಲಿನವರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

"ಏನ್ರೀ, ನೀರಿಟ್ಟಿದ್ದೀನಿ. ಎಷ್ಟು ಜನಕ್ಕೆ ಟೀ?"